ಗೇಮಿಂಗ್ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಕೊಳ್ಳುವ ಮುಂಚೆ ಹಳೇ ಸ್ಟಿಕ್ಕಿನ ಲೇಬಲ್ ಓದಿ

"ನನ್ನ ಲ್ಯಾಪ್‌ಟಾಪ್‌ಗೆ ಯಾವ ರ‍್ಯಾಮ್ ಹಾಕಿಸಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಜೊತೆಗೆ ಲ್ಯಾಪ್‌ಟಾಪಿನ ಹೆಸರು ಮಾತ್ರ ಬರೆದಿರುತ್ತಾರೆ, ಪೂರ್ತಿ ಮಾಡೆಲ್ ನಂಬರ್ ಇರುವುದಿಲ್ಲ. ಬರೀ ಹೆಸರಿನಿಂದ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಆಸುಸ್ ಟಫ್ ಎಫ್15 ತಗೊಳ್ಳಿ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಆದರೆ ಅಡಿಯಲ್ಲಿ ಎಫ್‌ಎಕ್ಸ್507ಝೆಡ್‌ಎಂ ಎಂದು ಬರೆದಿದ್ದರೆ ಒಳಗೆ ಡಿಡಿಆರ್5 ಇರುತ್ತದೆ, ಎಫ್‌ಎಕ್ಸ್507ಝೆಡ್‌ಸಿ4 ಎಂದಿದ್ದರೆ ಡಿಡಿಆರ್4. ಇವೆರಡು ಮೆಮೊರಿಯ ಬೇರೆ ಬೇರೆ ತಲೆಮಾರುಗಳು. ಒಂದರ ಸ್ಟಿಕ್, ಅಂದರೆ ಮೆಮೊರಿ ಚಿಪ್ ಇರುವ ಸಣ್ಣ ಪಟ್ಟಿ, ಇನ್ನೊಂದಕ್ಕೆ ಕೂರುವುದೇ ಇಲ್ಲ.

ಈಗ ತಪ್ಪು ಸ್ಟಿಕ್ ತಂದರೆ ಮೊದಲಿಗಿಂತ ಜಾಸ್ತಿ ನೋವಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ಹೋಗುತ್ತಿವೆ. ಮೈಕ್ರಾನ್ ಕಂಪನಿಯಂತೂ ತನ್ನ ಕ್ರೂಶಿಯಲ್ ಬ್ರ್ಯಾಂಡಿನಲ್ಲಿ ನಮ್ಮಂಥವರಿಗೆ ಮಾರುವ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಹಾಗಾಗಿ ದುಡ್ಡು ಕೊಡುವ ಮುಂಚೆ ಒಂದು ಗಂಟೆ ಕೂತು ಈ ಕೆಲಸ ಮಾಡಿ. ನಿಮಗೆ ಬೇಕಾದ ಮಾಹಿತಿ ಮುಕ್ಕಾಲು ಪಾಲು ಈಗಾಗಲೇ ಲ್ಯಾಪ್‌ಟಾಪ್ ಒಳಗಿರುವ ಸ್ಟಿಕ್ಕಿನ ಮೇಲೇ ಅಚ್ಚಾಗಿದೆ.

ಬೇಕಾಗುವ ಸಾಮಾನು ಕಡಿಮೆ: ಪಿಎಚ್0 ಅಳತೆಯ ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಹಳೇ ಎಟಿಎಂ ಕಾರ್ಡ್, ಫೋಟೋ ತೆಗೆಯಲು ಫೋನ್, ಒಳ್ಳೆ ಬೆಳಕು.

1. ನಿಜವಾಗಿಯೂ ರ‍್ಯಾಮ್ ಸಾಲುತ್ತಿಲ್ಲವೇ ನೋಡಿ

ಗೇಮ್ ಅರ್ಧ ಗಂಟೆ ಆಡಿ. ಆಟ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ಶೇಕಡಾ 85-90 ದಾಟಿ ಅಲ್ಲೇ ನಿಂತಿದೆ, ಆಟ ಆಗಾಗ ಒಂದು ಕ್ಷಣ ಹೆಪ್ಪುಗಟ್ಟಿದ ಹಾಗೆ ನಿಂತು ಮುಂದೆ ಹೋಗುತ್ತದೆ ಅಂದರೆ ರ‍್ಯಾಮ್ ಸಾಲುತ್ತಿಲ್ಲ.

ಅದೇ ಪುಟದಲ್ಲಿ ಜಿಪಿಯು ಮೇಲೂ ಒತ್ತಿ ನೋಡಿ. ಆರ್‌ಟಿಎಕ್ಸ್ 3050 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ ಅಷ್ಟೇ. ಅದು ತುಂಬಿಹೋಗಿ ಆಟ ಕುಂಟುತ್ತಿದ್ದರೆ ನೀವು 64 ಜಿಬಿ ರ‍್ಯಾಮ್ ಹಾಕಿದರೂ ಅದು ಸರಿಹೋಗುವುದಿಲ್ಲ. ಟೆಕ್ಸ್ಚರ್ ಸೆಟ್ಟಿಂಗ್ ಇಳಿಸಬೇಕು, ಬೇರೆ ದಾರಿ ಇಲ್ಲ.

ಎಷ್ಟು ಬೇಕು? ವ್ಯಾಲೊರಂಟ್ ಥರದ ಆಟಕ್ಕೆ 8 ಜಿಬಿ ಸಾಕು. 2023ರಲ್ಲಿ ಬಂದ ಅಲನ್ ವೇಕ್ 2 ಕನಿಷ್ಠವೇ 16 ಜಿಬಿ ಕೇಳುತ್ತದೆ. ಹೊಸ ಆಟ ಆಡುವವರಿಗೆ 16 ಇರಲೇಬೇಕು. ವಿಡಿಯೊ ಎಡಿಟಿಂಗ್ ಮಾಡುವವರು, ಆಟದ ಜೊತೆ ಸ್ಟ್ರೀಮ್ ಮಾಡುವವರು, ವಿಪರೀತ ಮಾಡ್ (ಆಟವನ್ನು ಬದಲಿಸುವ ಹೊರಗಿನ ಫೈಲ್) ಹಾಕುವವರು 32ಕ್ಕೆ ಹೋಗಿ. ಈಗಿನ ಬೆಲೆಯಲ್ಲಿ ಬರೀ ಆಟಕ್ಕೆ 64 ಬೇಡ ಅನ್ನುತ್ತೇನೆ.

2. ಸ್ಲಾಟ್ ಇದೆಯೋ, ಬೆಸುಗೆ ಹಾಕಿದ್ದಾರೋ

ಮೆಮೊರಿ ಪುಟದ ಕೆಳಗೆ "ಸ್ಲಾಟ್ಸ್ ಯೂಸ್ಡ್: 1 ಆಫ್ 2" ಎಂಬ ಸಾಲು ಇರುತ್ತದೆ. ಎರಡರಲ್ಲಿ ಒಂದು ಸ್ಲಾಟ್ ತುಂಬಿದೆ ಅಂತ ಅರ್ಥ. ಪಕ್ಕದಲ್ಲೇ "ಫಾರ್ಮ್ ಫ್ಯಾಕ್ಟರ್" ಇರುತ್ತದೆ. ಅಲ್ಲಿ ಸೋಡಿಮ್ ಎಂದಿದ್ದರೆ ಒಳ್ಳೆಯದು. ಸೋಡಿಮ್ ಅಂದರೆ ಲ್ಯಾಪ್‌ಟಾಪ್‌ಗೆಂದೇ ಮಾಡಿದ ಗಿಡ್ಡ ಸ್ಟಿಕ್, ಉದ್ದ ಸುಮಾರು 70 ಮಿಲಿಮೀಟರ್. ಡೆಸ್ಕ್‌ಟಾಪಿನದು ಇದರ ಎರಡರಷ್ಟು, 133 ಮಿಲಿಮೀಟರ್. "ರೋ ಆಫ್ ಚಿಪ್ಸ್" ಎಂದಿದ್ದರೆ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ತೆಗೆಯಲು ಬರುವುದಿಲ್ಲ.

ಈ ಸಾಲುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬೆಸುಗೆ ಹಾಕಿದ ಮೆಮೊರಿಯನ್ನೂ ವಿಂಡೋಸ್ ಕೆಲವೊಮ್ಮೆ ಸ್ಲಾಟ್ ಎಂದೇ ಎಣಿಸುತ್ತದೆ. ಕಂಪನಿಯ ಸೈಟಿನಲ್ಲಿ ನಿಮ್ಮ ಪೂರ್ತಿ ಮಾಡೆಲ್ ನಂಬರ್ ಹಾಕಿ ಸರ್ವಿಸ್ ಮ್ಯಾನ್ಯುಯಲ್ ನೋಡುವುದು ಗಟ್ಟಿ. ಎಲ್‌ಪಿಡಿಡಿಆರ್ (ಕಡಿಮೆ ವಿದ್ಯುತ್ ಬಳಸುವ ಮೆಮೊರಿ) ಎಂಬ ಹೆಸರು ಕಂಡರೆ ಹೆಚ್ಚುಕಮ್ಮಿ ಯಾವಾಗಲೂ ಬೆಸುಗೆಯೇ. ಆಸುಸ್ ಝೆಫಿರಸ್ ಜಿ14ರ ಕಥೆ ಹೀಗೇ ಆಯಿತು. 2020ರ ಮಾಡೆಲಿನಲ್ಲಿ ಬೋರ್ಡಿನ ಮೇಲೆ ಸ್ವಲ್ಪ ಮೆಮೊರಿ, ಜೊತೆಗೆ ಒಂದು ಸ್ಲಾಟ್ ಇತ್ತು. 2024ರ ಹೊತ್ತಿಗೆ ಪೂರ್ತಿ ಬೆಸುಗೆ, ಸ್ಲಾಟೇ ಇಲ್ಲ. ಇನ್ನೂ ಲ್ಯಾಪ್‌ಟಾಪ್ ಕೊಳ್ಳದವರು ಈ ವಿಷಯ ಮೊದಲೇ ವಿಚಾರಿಸಿ.

3. ಡಿಡಿಆರ್4 ಅಥವಾ ಡಿಡಿಆರ್5

ಡಿಡಿಆರ್ ಪಕ್ಕದ ಅಂಕಿ ಮೆಮೊರಿಯ ತಲೆಮಾರು. ಲ್ಯಾಪ್‌ಟಾಪಿನ ಡಿಡಿಆರ್4 ಸ್ಟಿಕ್ಕಿಗೆ 260 ಪಿನ್, 1.2 ವೋಲ್ಟ್. ಡಿಡಿಆರ್5ಕ್ಕೆ 262 ಪಿನ್, 1.1 ವೋಲ್ಟ್. ಪಿನ್ನುಗಳ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುತ್ತದೆ, ತಪ್ಪು ಸ್ಟಿಕ್ ಒಳಗೆ ಹೋಗಬಾರದು ಅಂತಲೇ ಹಾಗೆ ಮಾಡಿರುವುದು.

ಪ್ರೊಸೆಸರ್ ಹೆಸರಿನಿಂದ ಅಂದಾಜು ಸಿಗುತ್ತದೆ. ಎಎಂಡಿಯ ರೈಝನ್ 5 5600ಎಚ್, ರೈಝನ್ 7 5800ಎಚ್ ಇದ್ದರೆ ಡಿಡಿಆರ್4 ಮಾತ್ರ. ರೈಝನ್ 7 6800ಎಚ್, 7840ಎಚ್‌ಎಸ್ ಇದ್ದರೆ ಡಿಡಿಆರ್5. ಇಂಟೆಲ್‌ನಲ್ಲಿ 8ರಿಂದ 11ನೇ ತಲೆಮಾರಿನ ಎಚ್ ಪ್ರೊಸೆಸರ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಡಿಡಿಆರ್4. ತೊಡಕು ಇರುವುದು ಇಂಟೆಲ್ 12 ಮತ್ತು 13ನೇ ತಲೆಮಾರಿನಲ್ಲಿ. ಇವು ಎರಡನ್ನೂ ಒಪ್ಪುತ್ತವೆ, ಯಾವುದನ್ನು ಹಾಕಬೇಕು ಎಂದು ಲ್ಯಾಪ್‌ಟಾಪ್ ಕಂಪನಿ ತೀರ್ಮಾನ ಮಾಡಿರುತ್ತದೆ. ಮೇಲೆ ಹೇಳಿದ ಟಫ್ ಎಫ್15ರ ಗೊಂದಲ ಹುಟ್ಟಿದ್ದು ಇಲ್ಲೇ. ಸಿಪಿಯು-ಝೆಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಮೆಮೊರಿ ಟ್ಯಾಬಿನ ಮೊದಲ ಸಾಲಿನಲ್ಲೇ ಯಾವುದೆಂದು ತೋರಿಸುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಪರಿಚಯದವರೊಬ್ಬರು ಡಿಡಿಆರ್5 ಲ್ಯಾಪ್‌ಟಾಪ್‌ಗೆ ಡಿಡಿಆರ್4 ಸ್ಟಿಕ್ ತರಿಸಿ, ಹೋಗುತ್ತಿಲ್ಲವೆಂದು ಹೆಬ್ಬೆರಳಿನಿಂದ ಅದುಮಿದ್ದರು. ಸ್ಲಾಟಿಗೆ ಟಾರ್ಚ್ ಬಿಟ್ಟು ನೋಡಿದರೆ ಸಾಲಾಗಿ ನಿಂತ ಚಿನ್ನದ ಬಣ್ಣದ ಹಲ್ಲುಗಳಲ್ಲಿ ಎರಡು ಪಕ್ಕಕ್ಕೆ ಮಲಗಿದ್ದವು. ಆ ಸ್ಲಾಟ್ ಮತ್ತೆ ಕೆಲಸ ಮಾಡಲಿಲ್ಲ.

4. ಲೇಬಲ್ ಓದುವುದು

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ. ಲ್ಯಾಪ್‌ಟಾಪಿನ ಹಿಂಬದಿ ಮುಚ್ಚಳ ತೆಗೆದು (ತೆಗೆಯುವ ಕ್ರಮ 8ನೇ ಹಂತದಲ್ಲಿದೆ) ಒಳಗಿರುವ ಸ್ಟಿಕ್ಕಿನ ಬಿಳಿ ಲೇಬಲ್ಲಿನ ಫೋಟೋ ತೆಗೆಯಿರಿ. ಅದರ ಮೇಲೆ ಇಂಥ ಒಂದು ಸಾಲು ಇರುತ್ತದೆ:

8ಜಿಬಿ 1ಆರ್‌ಎಕ್ಸ್16 ಪಿಸಿ4-3200ಎಎ-ಎಸ್‌ಸಿ0

ಬಿಡಿಸಿ ನೋಡೋಣ. 8ಜಿಬಿ ಅಂದರೆ ಅಳತೆ. ಪಿಸಿ4 ಅಂದರೆ ಡಿಡಿಆರ್4, ಪಿಸಿ5 ಎಂದಿದ್ದರೆ ಡಿಡಿಆರ್5. 3200 ವೇಗ. ಕೆಲವು ಸ್ಟಿಕ್ಕಿನಲ್ಲಿ 3200 ಬದಲು 25600 ಎಂದಿರುತ್ತದೆ. ಗಾಬರಿ ಬೇಡ, ಎಂಟರಿಂದ ಭಾಗಿಸಿ, 3200 ಬರುತ್ತದೆ. ಹಾಗೆಯೇ 38400 ಅಂದರೆ 4800, 44800 ಅಂದರೆ 5600. ವೇಗದ ಪಕ್ಕದ ಎಎ ಎಂಬುದು ಕಾಯುವ ಹೊತ್ತಿನ ಗುರುತು, ಅದಕ್ಕೆ 6ನೇ ಹಂತದಲ್ಲಿ ಬರುತ್ತೇನೆ. ಕೊನೆಯ ಎಸ್‌ಸಿ0ದಲ್ಲಿ ಮೊದಲ ಅಕ್ಷರ ಎಸ್ ಆಗಿದ್ದರೆ ಲ್ಯಾಪ್‌ಟಾಪಿನ ಸೋಡಿಮ್, ಯು ಆಗಿದ್ದರೆ ಡೆಸ್ಕ್‌ಟಾಪಿನದು.

ಉಳಿದದ್ದು 1ಆರ್‌ಎಕ್ಸ್16. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. 1ಆರ್ ಅಂದರೆ ಒಂದು ರ‍್ಯಾಂಕ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು. ಎಕ್ಸ್16 ಅಂದರೆ ಪ್ರತಿ ಚಿಪ್ ಒಂದು ಸಲಕ್ಕೆ 16 ಬಿಟ್ ಕೊಡುತ್ತದೆ. ಸ್ಟಿಕ್ಕಿನ ಅಗಲ 64 ಬಿಟ್, ಹಾಗಾಗಿ ನಾಲ್ಕೇ ಚಿಪ್ ಸಾಕು. ಎಕ್ಸ್8 ಆದರೆ ಎಂಟು ಚಿಪ್ ಬೇಕು. ಕಂಪನಿಗೆ ನಾಲ್ಕು ಚಿಪ್ ಅಗ್ಗ, ಆದರೆ ಆಟಕ್ಕೆ ಎಂಟು ಚಿಪ್ಪಿನದೇ ಮೇಲು. ಡಿಡಿಆರ್4ರ ಎಕ್ಸ್16 ಚಿಪ್‌ನಲ್ಲಿ ಬ್ಯಾಂಕ್ ಗ್ರೂಪ್, ಅಂದರೆ ಸರದಿಯಲ್ಲಿ ಕೆಲಸ ಹಂಚಿಕೊಳ್ಳುವ ಕೋಣೆಗಳು, ಎರಡೇ ಇರುತ್ತವೆ. ಎಕ್ಸ್8ರಲ್ಲಿ ನಾಲ್ಕು. ಕೋಣೆ ಕಡಿಮೆ ಆದಷ್ಟೂ ಪ್ರೊಸೆಸರ್ ಕಾಯಬೇಕಾಗುತ್ತದೆ, ರೈಝನ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಫ್ರೇಮ್ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಆದ್ದರಿಂದ 8 ಜಿಬಿ ಡಿಡಿಆರ್4 ಕೊಳ್ಳುವಾಗ 1ಆರ್‌ಎಕ್ಸ್8 ಕೇಳಿ. ಡಿಡಿಆರ್5ರಲ್ಲಿ 8 ಜಿಬಿ ಸ್ಟಿಕ್ಕುಗಳು ಸಾಮಾನ್ಯವಾಗಿ ಎಕ್ಸ್16 ಆಗಿರುತ್ತವೆ. ಅಲ್ಲಿ 16 ಜಿಬಿಯ ಸ್ಟಿಕ್ ತಗೊಂಡರೆ ಎಕ್ಸ್8 ಸಿಗುತ್ತದೆ. ನಿಮ್ಮಲ್ಲಿ ಈಗಾಗಲೇ ಎಕ್ಸ್16 ಒಂದಿದ್ದರೆ ಬಿಸಾಡಬೇಕಿಲ್ಲ, ಪಕ್ಕದಲ್ಲಿ ಎಕ್ಸ್8 ಕೂರಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ.

ಲೇಬಲ್ಲಿನ ಮೇಲೆ ಇನ್ನೊಂದು ಉದ್ದದ ಸಾಲು ಇರುತ್ತದೆ, ಅಕ್ಷರ ಮತ್ತು ಅಂಕಿ ಬೆರೆತದ್ದು. ಅದೇ ಪಾರ್ಟ್ ನಂಬರ್. ಅದನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ. ಅದೇ ಪಾರ್ಟ್ ನಂಬರಿನ ಇನ್ನೊಂದು ಸ್ಟಿಕ್ ಸಿಕ್ಕರೆ ಹೊಂದಾಣಿಕೆಯ ಚಿಂತೆಯೇ ಇಲ್ಲ. ಮುಚ್ಚಳ ತೆಗೆಯಲು ಧೈರ್ಯ ಬರದಿದ್ದರೆ ಸಿಪಿಯು-ಝೆಡ್‌ನ ಎಸ್‌ಪಿಡಿ ಟ್ಯಾಬಿನಲ್ಲೂ ಪಾರ್ಟ್ ನಂಬರ್, ರ‍್ಯಾಂಕ್ ಸಿಗುತ್ತವೆ.

5. ಜೋಡಿ

ಒಂದು 16ಕ್ಕಿಂತ ಎರಡು 8 ಯಾಕೆ ವಾಸಿ ಅಂತ ತುಂಬಾ ಜನ ಕೇಳುತ್ತಾರೆ. ಲೆಕ್ಕ ಸರಳ. 3200 ವೇಗದ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೆ ಎಳೆದುಕೊಳ್ಳುತ್ತದೆ, 51.2 ಆಗುತ್ತದೆ. ಇದಕ್ಕೇ ಡ್ಯುಯಲ್ ಚಾನೆಲ್ ಎನ್ನುವುದು. ಒಂದೇ ಸ್ಟಿಕ್ ಹಾಕಿ ಮಾರಿರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಬೇಕಾದಷ್ಟಿವೆ. ಅಂಥವಕ್ಕೆ ಎರಡನೇ ಸ್ಟಿಕ್ ಹಾಕಿದ ದಿನವೇ ವ್ಯತ್ಯಾಸ ಕಾಣುತ್ತದೆ, ಅದರಲ್ಲೂ ಆಟ ಥಟ್ಟನೆ ತಡವರಿಸುವುದು ಕಡಿಮೆಯಾಗುತ್ತದೆ.

ಹಾಗಾಗಿ 8 ಇದ್ದವರು ಇನ್ನೊಂದು 8, 16 ಇದ್ದವರು ಇನ್ನೊಂದು 16 ಹಾಕಿ. ದುಡ್ಡಿಗೆ ಇದೇ ಒಳ್ಳೆಯ ಫಲ. 8ರ ಪಕ್ಕದಲ್ಲಿ 16 ಹಾಕಬಹುದಾ? ಹಾಕಬಹುದು. ಎರಡರಲ್ಲೂ 8-8 ಸೇರಿ 16 ಜಿಬಿ ಜೋಡಿಯಾಗಿ ಓಡುತ್ತದೆ, ಮಿಕ್ಕ 8 ಒಂಟಿಯಾಗಿ. ಕೆಟ್ಟದ್ದೇನಲ್ಲ, ಬೆಲೆ ಏರಿರುವ ಈ ಹೊತ್ತಿನಲ್ಲಿ ಹಳೇ ಸ್ಟಿಕ್ ಉಳಿಸಿಕೊಳ್ಳುವುದು ತಪ್ಪಲ್ಲ.

ಗರಿಷ್ಠ ಎಷ್ಟು ಎಂಬುದರಲ್ಲಿ ಒಂದು ಗೊಂದಲ ಇದೆ. ಲ್ಯಾಪ್‌ಟಾಪಿನ ಪೆಟ್ಟಿಗೆ ಮೇಲೆ "ಗರಿಷ್ಠ 16 ಜಿಬಿ" ಎಂದಿರಬಹುದು, ಪ್ರೊಸೆಸರ್ ಪುಟದಲ್ಲಿ 64 ಎಂದಿರಬಹುದು. ಕಂಪನಿ ತಾನು ಪರೀಕ್ಷೆ ಮಾಡಿ ಮಾರಿದ್ದಷ್ಟನ್ನೇ ಬರೆದಿರುತ್ತದೆ. ರ‍್ಯಾಮ್ ಕಂಪನಿಗಳ ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿ ಹುಡುಕುವ ಸೌಲಭ್ಯ ಇದೆ, ಕಿಂಗ್‌ಸ್ಟನ್‌ನದು ಚೆನ್ನಾಗಿದೆ. ಅಲ್ಲಿ ನಿಮ್ಮ ಮಾಡೆಲ್‌ಗೆ 32 ಎಂದಿದ್ದರೆ ಧೈರ್ಯವಾಗಿ ಹಾಕಿ. 24 ಮತ್ತು 48 ಜಿಬಿಯ ಡಿಡಿಆರ್5 ಸ್ಟಿಕ್ ಹಾಕುವ ಮುಂಚೆ ಮಾತ್ರ ಬಯೋಸ್ ಅಪ್‌ಡೇಟ್ ಮಾಡಿ. ಬಯೋಸ್ ಅಂದರೆ ವಿಂಡೋಸ್ ಏಳುವ ಮುಂಚೆ ಯಂತ್ರವನ್ನು ಎಬ್ಬಿಸುವ ತಂತ್ರಾಂಶ. ಹಳೇ ಬಯೋಸ್‌ಗೆ ಈ ಅಳತೆಗಳು ಗೊತ್ತಿರುವುದಿಲ್ಲ.

6. ವೇಗ, ಸಿಎಲ್, ಎಕ್ಸ್‌ಎಂಪಿ

ಜಾಸ್ತಿ ವೇಗದ ಸ್ಟಿಕ್ ಕಡಿಮೆ ವೇಗದ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಓಡುತ್ತದೆ, ಆದರೆ ಲ್ಯಾಪ್‌ಟಾಪಿನ ವೇಗದಲ್ಲೇ. ಐ7 9750ಎಚ್ ಇರುವ ಯಂತ್ರಕ್ಕೆ 3200 ಹಾಕಿದರೂ 2666ರಲ್ಲೇ ಓಡುತ್ತದೆ. ಎರಡು ಸ್ಟಿಕ್ ಬೇರೆ ಬೇರೆ ವೇಗದವಾದರೆ ಎರಡೂ ನಿಧಾನದ್ದರ ಜೊತೆ ನಡೆಯುತ್ತವೆ. ಆದ್ದರಿಂದ ಹೆಚ್ಚಿನ ವೇಗಕ್ಕೆ ಹೆಚ್ಚು ದುಡ್ಡು ಸುಮ್ನೆ ಕೊಡಬೇಡಿ.

ಸಿಎಲ್ ಎಂಬುದು ಕೇಳಿದ ಮೇಲೆ ಡೇಟಾ ಬರಲು ಶುರುವಾಗುವ ತನಕ ಎಷ್ಟು ಸುತ್ತು ಕಾಯಬೇಕು ಎಂಬ ಲೆಕ್ಕ. ಲೇಬಲ್ಲಿನ 3200ಎಎ ಅಂದರೆ ಸಿಎಲ್22, ಡಿಡಿಆರ್5ರ 4800ಬಿ ಅಂದರೆ ಸಿಎಲ್40. 40 ಅಂದರೆ ಎರಡರಷ್ಟು ನಿಧಾನ ಎಂದುಕೊಳ್ಳಬೇಡಿ, ಅದರ ಸುತ್ತುಗಳೂ ಚಿಕ್ಕವು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ: ಮೊದಲನೆಯದು 13.75 ನ್ಯಾನೊಸೆಕೆಂಡ್, ಎರಡನೆಯದು ಸುಮಾರು 16.7.

ಈಗ ಎಚ್ಚರಿಕೆ. ಕೆಲವು ಸ್ಟಿಕ್ಕುಗಳ ಪೆಟ್ಟಿಗೆ ಮೇಲೆ ಬರೆದ ವೇಗ ಎಕ್ಸ್‌ಎಂಪಿ ಇದ್ದರೆ ಮಾತ್ರ ಸಿಗುತ್ತದೆ. ಎಕ್ಸ್‌ಎಂಪಿ ಅಂದರೆ ಮೆಮೊರಿಯನ್ನು ಮಾಮೂಲಿ ವೇಗಕ್ಕಿಂತ ಮೇಲೆ ಓಡಿಸುವ, ಸ್ಟಿಕ್ಕಿನಲ್ಲೇ ಬರೆದಿಟ್ಟ ಸೆಟ್ಟಿಂಗ್. ಹೆಚ್ಚಿನ ಲ್ಯಾಪ್‌ಟಾಪ್ ಬಯೋಸ್‌ಗಳಲ್ಲಿ ಅದನ್ನು ಆನ್ ಮಾಡುವ ಜಾಗವೇ ಇಲ್ಲ. ಆಗ ನಿಮ್ಮ ದುಬಾರಿ ಸ್ಟಿಕ್ ಬರೆದದ್ದಕ್ಕಿಂತ ಕೆಳಗಿನ ವೇಗಕ್ಕೆ ಇಳಿದು ಓಡುತ್ತದೆ. ವಿವರಣೆಯಲ್ಲಿ ಜೆಡೆಕ್ ವೇಗ ಎಷ್ಟು ಎಂದು ಹುಡುಕಿ. ಜೆಡೆಕ್ ಮೆಮೊರಿಯ ಮಾನದಂಡ ಬರೆಯುವ ಸಂಸ್ಥೆ, ಲ್ಯಾಪ್‌ಟಾಪ್ ನಂಬುವುದು ಅದರ ವೇಗವನ್ನೇ. ಡಿಡಿಆರ್4 ಆದರೆ 1.2 ವೋಲ್ಟ್‌ನಲ್ಲೇ 3200, ಸಿಎಲ್22 ಎಂದಿರುವುದು ಸುರಕ್ಷಿತ ಆಯ್ಕೆ.

7. ಕೊಳ್ಳುವಾಗ

ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗುತ್ತೀರಿ. ಲ್ಯಾಪ್‌ಟಾಪ್ ಜೊತೆಗೆ ತಗೊಂಡು ಹೋಗಿ, ಆಗದಿದ್ದರೆ ಲೇಬಲ್ಲಿನ ಫೋಟೋ ಇರಲಿ. "ಎಲ್ಲಾದಕ್ಕೂ ಆಗುತ್ತೆ, ತಗೊಳ್ಳಿ" ಅಂದರೆ ಒಪ್ಪಬೇಡಿ, ಪಾರ್ಟ್ ನಂಬರ್ ತೋರಿಸಿ ಕೇಳಿ. ಬಿಲ್ಲಿನ ಮೇಲೆ ಪಾರ್ಟ್ ನಂಬರ್ ಮತ್ತು ಸೀರಿಯಲ್ ನಂಬರ್ ಎರಡನ್ನೂ ಬರೆಸಿ. ಆಗ ಕೆಟ್ಟರೆ ಬದಲಾಯಿಸಲು ತಕರಾರು ಬರುವುದಿಲ್ಲ. ಪೆಟ್ಟಿಗೆ ಇಲ್ಲದೆ ಬಿಡಿಯಾಗಿ ಕೊಡುವ ಸ್ಟಿಕ್ಕುಗಳಲ್ಲಿ ಹಳೇ ಲ್ಯಾಪ್‌ಟಾಪ್‌ನಿಂದ ಕಿತ್ತವೂ ಇರುತ್ತವೆ. ಕಿತ್ತದ್ದೆಲ್ಲ ಕೆಟ್ಟದ್ದಲ್ಲ, ಆದರೆ ಹೊಸದರ ಬೆಲೆ ಕೊಡಬೇಡಿ. ಚಿನ್ನದ ಬಣ್ಣದ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ, ಗೀರು ಇದ್ದರೆ ಮೊದಲೇ ಬಳಸಿದ್ದಿರಬಹುದು.

ಆನ್‌ಲೈನಲ್ಲಿ ಆದರೆ ವಾಪಸ್ ಕೊಡುವ ಅವಕಾಶ ಇದೆಯಾ ನೋಡಿ, ಪೊಟ್ಟಣ ಬಿಚ್ಚುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ. ಸ್ಟಿಕ್ಕಿನ ಮೇಲಿನ ಸ್ಟಿಕ್ಕರ್ ಕೀಳಬೇಡಿ, ವಾರಂಟಿ ಹೋಗುತ್ತದೆ.

8. ಕೂರಿಸುವುದು

ಲ್ಯಾಪ್‌ಟಾಪ್ ಮುಚ್ಚಳ ಬಿಚ್ಚಿದರೆ ವಾರಂಟಿ ಏನಾಗುತ್ತದೆ ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿ, ಒಂದೊಂದು ಕಂಪನಿ ಒಂದೊಂದು ಥರ. ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರ್ ರಿಕವರಿ ಕೀ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗದ ಕೀಲಿ) ಬರೆದಿಟ್ಟುಕೊಳ್ಳಿ. ಬ್ಯಾಟರಿ ತೆಗೆದು ಹಾಕಿದ ಮೇಲೆ ಕೆಲವೊಮ್ಮೆ ವಿಂಡೋಸ್ ಅದನ್ನು ಕೇಳುತ್ತದೆ, ಆಗ ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ.

ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಒಂದು ಹಾಳೆಯ ಮೇಲೆ ಮುಚ್ಚಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದರ ಜಾಗದಲ್ಲೇ ಇಡುತ್ತಾ ಹೋಗಿ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಕೀಬೋರ್ಡ್ ಕಡೆ ಉಬ್ಬು ಬರುತ್ತದೆ. ಅಂಚಿನಲ್ಲಿ ಎಟಿಎಂ ಕಾರ್ಡ್ ತೂರಿಸಿ ಸುತ್ತ ಎಳೆಯಿರಿ, ಕ್ಲಿಪ್‌ಗಳು ಟಕ್ ಟಕ್ ಎಂದು ಬಿಡುತ್ತವೆ. ಒಂದು ಕಡೆ ಬಿಡದಿದ್ದರೆ ಅಲ್ಲಿ ಸ್ಕ್ರೂ ಉಳಿದಿದೆ ಎಂದೇ ಅರ್ಥ, ಜಗ್ಗಬೇಡಿ.

ಬ್ಯಾಟರಿಯ ಕನೆಕ್ಟರನ್ನು ಮೊದಲು ಬಿಡಿಸಿ, ತಂತಿ ಹಿಡಿದಲ್ಲ, ಪ್ಲಗ್ ಹಿಡಿದು. ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟೂ ಹೋಗುತ್ತದೆ. ಗೋಡೆಗೆ ಹುಗಿದ ಲೋಹದ ನಲ್ಲಿ ಮುಟ್ಟಿ ಬನ್ನಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ.

ಸ್ಟಿಕ್ಕನ್ನು ಅಂಚುಗಳಲ್ಲಿ ಹಿಡಿಯಿರಿ. ಕಚ್ಚು ಸರಿಹೊಂದಿಸಿ, ಸುಮಾರು 30 ಡಿಗ್ರಿ ಓರೆಯಾಗಿ ಪೂರ್ತಿ ಒಳಗೆ ತಳ್ಳಿ. ಪಿನ್ನುಗಳ ಚಿನ್ನದ ಬಣ್ಣ ಹೊರಗೆ ಹೆಚ್ಚುಕಮ್ಮಿ ಕಾಣದಷ್ಟು ಹೋಗಬೇಕು. ಆಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕೊಕ್ಕೆಗಳು ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಒಂದೇ ಕೊಕ್ಕೆ ಹಿಡಿದಿದ್ದರೆ ಕೂತಿಲ್ಲ, ತೆಗೆದು ಮತ್ತೆ ಹಾಕಿ.

9. ಆನ್ ಮಾಡಿದ ಮೇಲೆ

ಮೊದಲ ಸಲ ಪರದೆ ಕಪ್ಪಗೆ ಇರುತ್ತದೆ, ಫ್ಯಾನ್ ಮಾತ್ರ ತಿರುಗುತ್ತದೆ. ಡಿಡಿಆರ್5ರಲ್ಲಿ ಇದು ಕೆಲವು ನಿಮಿಷ ಹಿಡಿಯಬಹುದು, ಹೊಸ ಸ್ಟಿಕ್ಕಿಗೆ ತಕ್ಕ ಹೊಂದಾಣಿಕೆಯನ್ನು ಯಂತ್ರ ತಾನೇ ಹುಡುಕುತ್ತಿರುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಹತ್ತು ನಿಮಿಷವಾದರೂ ಏನೂ ಬರದಿದ್ದರೆ ಆಗ ಆಫ್ ಮಾಡಿ, ಒಂದೊಂದೇ ಸ್ಟಿಕ್ ಹಾಕಿ ನೋಡಿ.

ಸಿಪಿಯು-ಝೆಡ್‌ನಲ್ಲಿ 3200ರ ಬದಲು 1600 ಕಂಡರೆ ಮೋಸ ಹೋದೆ ಎಂದುಕೊಳ್ಳಬೇಡಿ. ಅದು ಗಡಿಯಾರದ ವೇಗ ತೋರಿಸುತ್ತದೆ, ಡಿಡಿಆರ್ ಮೆಮೊರಿ ಗಡಿಯಾರದ ಪ್ರತಿ ಸುತ್ತಿಗೆ ಎರಡು ಸಲ ಡೇಟಾ ಕಳಿಸುತ್ತದೆ. 4800ರದು 2400 ಎಂದು ಕಾಣುತ್ತದೆ. 16 ಹಾಕಿದರೂ ವಿಂಡೋಸ್ 15 ಚಿಲ್ಲರೆ ಎಂದರೆ ಉಳಿದದ್ದನ್ನು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ತನಗೆಂದು ಇಟ್ಟುಕೊಂಡಿದೆ.

ರಾತ್ರಿ ಮಲಗುವಾಗ ಮೆಮ್‌ಟೆಸ್ಟ್86 ಓಡಿಸಿ ಬಿಡಿ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡುವ ಉಚಿತ ಪರೀಕ್ಷೆ ಇದು, ನಾಲ್ಕು ಸುತ್ತು ಓಡುತ್ತದೆ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದ್ದರೂ ಬಿಡಬೇಡಿ. ಯಾವ ಸ್ಟಿಕ್ ಎಂದು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ, ಹೊಸದಾದರೆ ವಾಪಸ್ ಕೊಡಿ. ಇವತ್ತಿನ ಒಂದು ತಪ್ಪು ನಾಳೆ ಆಟದ ಮಧ್ಯೆ ನೀಲಿ ಪರದೆಯಾಗಿ ಬರುತ್ತದೆ, ಇಲ್ಲವೇ ಸೇವ್ ಮಾಡಿದ ಫೈಲನ್ನೇ ಕೆಡಿಸುತ್ತದೆ.

ಎರಡೂ ಸ್ಟಿಕ್ ಬದಲಾಯಿಸಿದವರು ಹಳೆಯದನ್ನು ತಕ್ಷಣ ಮಾರಬೇಡಿ. ಲ್ಯಾಪ್‌ಟಾಪಿನ ವಾರಂಟಿ ಮುಗಿಯುವ ತನಕ ಸ್ಟ್ಯಾಟಿಕ್ ತಡೆಯುವ ಕವರಿನಲ್ಲಿ ಹಾಕಿ ಬಿಲ್ಲಿನ ಜೊತೆ ಇಡಿ. ಯಾವತ್ತಾದರೂ ಸರ್ವಿಸ್ ಸೆಂಟರ್‌ಗೆ ಕೊಡುವ ಸಂದರ್ಭ ಬಂದರೆ ಕಂಪನಿಯ ಸ್ಟಿಕ್ಕನ್ನೇ ವಾಪಸ್ ಕೂರಿಸಿ ಕೊಡಿ.